ತಲೆ ಅಲ್ಲಾಡಬಾರದು

ಓಲ್ಬೋರ್ಗ್‌ನ ಆ ಕೋಣೆಯಲ್ಲಿ ಪ್ರತಿಧ್ವನಿಗೆ ಪ್ರವೇಶವಿಲ್ಲ.
ಗೋಡೆ ತುಂಬ ಬೂದು ಸ್ಪಂಜಿನ ಹಲ್ಲು.
ಎರಡು ಸ್ಪೀಕರು, ಎದುರಿಗೊಂದು ಕುರ್ಚಿ,
ಅದಕ್ಕೆ ದಂತವೈದ್ಯರ ಕುರ್ಚಿಯಿಂದ ಬಿಚ್ಚಿ ತಂದ ತಲೆದಿಂಬು.

ಎಡಗಿವಿಗೆ ಹೇಳಿದ್ದು ಬಲಗಿವಿಗೆ ಬೀಳಬಾರದು,
ಇಷ್ಟೇ ಯುಟ್ಟೆಯ ಹನ್ನೊಂದು ವರ್ಷದ ಕೆಲಸ.
ಆದರೆ ಸದ್ದು ಚಾಡಿಕೋರ:
ಮೂಗು ಬಳಸಿ, ಕೆನ್ನೆ ಸವರಿ,
ಕಾಲು ಮಿಲಿಸೆಕೆಂಡು ತಡವಾಗಿ
ಆ ಕಡೆಗೂ ಹೋಗಿ ಊದಿಬಿಡುತ್ತದೆ.
ಅದರ ಬಾಯಿ ಮುಚ್ಚಿಸಲು ಬಲದ ಸ್ಪೀಕರಿನಿಂದ
ಅದನ್ನೇ ತಲೆಕೆಳಗು ಮಾಡಿ ಕಳಿಸಬೇಕು.
ಅದೂ ಸೋರುತ್ತದೆ ಎಡಕ್ಕೆ.
ಅದಕ್ಕೊಂದು ಮುಚ್ಚಳ. ಆ ಮುಚ್ಚಳಕ್ಕೊಂದು ಮುಚ್ಚಳ.
ಒಂದು ಕಿವಿಮಾತಿಗೆ ಇಷ್ಟು ಖರ್ಚು.

ಇವತ್ತಿನ ಟೇಪು ಹಳೆಯದು.
ರಬ್ಬರ್ ಕಿವಿಯ ಗೊಂಬೆತಲೆಯ ಪಕ್ಕ ನಿಂತು
ಎಸ್ಕಿಲ್ ಮೈಕು ಪರೀಕ್ಷಿಸಿದ್ದು,
ತೀರಿಕೊಳ್ಳುವ ಹಿಂದಿನ ಚಳಿಗಾಲ.
ಗುಂಡಿ ಒತ್ತಿದಳು.

ಸ್ಪೀಕರುಗಳು ಮಾಯ.
ಎಡಗಿವಿಗೆ ಬೆರಳಗಲ ದೂರದಲ್ಲಿ ಉಸಿರು,
ಮೀಸೆ ರಬ್ಬರಿಗೆ ತಾಗಿದ ಕರಕರ.
"ಒಂದು, ಎರಡು... ಯುಟ್ಟೆ, ನಿನ್ನ ಕಾಫಿ ಆರುತ್ತಿದೆ."

ಗೊತ್ತು. ನಿಯಮ ಬರೆದವಳೇ ಅವಳು:
ತಲೆ ಎರಡು ಬೆರಳು ಸರಿದರೆ ಲೆಕ್ಕವೆಲ್ಲ ತಪ್ಪು.
ಆದರೂ ಕರೆದವರ ಕಡೆ
ಕತ್ತು ತಿರುಗದೆ ಇರುತ್ತದೆಯೇ?

ತಿರುಗಿತು.
ಎಸ್ಕಿಲ್ ಹರಿದು ಎರಡು ಪಾಲಾಗಿ
ಎರಡು ಮರದ ಡಬ್ಬಿಗಳೊಳಗೆ ಹೋಗಿ ಕೂತ.

ಫಾರಂ ತುಂಬಿದಳು. ಷರಾ:
"ಕೇಳುಗರು ಅಲುಗಿದ್ದರಿಂದ ಪ್ರಯೋಗ ವಿಫಲ."
ಹೊರಗೆ ಮಂಜುಗಡ್ಡೆ ಕೆರೆಯುವ ಗಾಡಿ ಬಂದಿರಬೇಕು,
ಇಲ್ಲಿಗೆ ಕೇಳಿಸುವುದಿಲ್ಲ.

ಆಮೇಲೆ ಕೊರಳಿನ ಸ್ಕಾರ್ಫು ಬಿಚ್ಚಿ
ತನ್ನ ತಲೆಯನ್ನು ತಾನೇ
ದಿಂಬಿಗೆ ಬಿಗಿದು ಕಟ್ಟಿಕೊಂಡು
ಮತ್ತೆ ಒತ್ತಿದಳು.