ಕಲಂ ಹನ್ನೊಂದು: ಬಣ್ಣ

ಸ್ಪಾಲ್ಡಿಂಗ್ ದಾಟಿ ಆರು ಮೈಲಿ. ಅಂಗೈಯಷ್ಟು ಚಪ್ಪಟೆ ನೆಲ.
ಎಲೆಕೋಸಿನ ಸಾಲು, ಕಾಲುವೆ, ಮತ್ತೆ ಎಲೆಕೋಸು.
ಮರೆಯಾಗಲು ಒಂದು ಮೋಟುಮರವೂ ಇಲ್ಲದ ಕಡೆ
ಗುರುತಿಲ್ಲದ್ದೊಂದು ಹಾರಿತಂತೆ.
ಯುದ್ಧ ಮುಗಿದ ಮೇಲಿನ ಆರನೆಯ ಚಳಿಗಾಲ;
ಮಾಡಲು ಬೇರೆ ಕೆಲಸವಿಲ್ಲದ ವಾಯುಪಡೆ ನನ್ನನ್ನು ಕಳಿಸಿತು,
ಒಂದು ಜೀಪು, ಮೂಗು ಸೋರುವ ಕಾರ್ಪೊರಲ್ ಟೆಬಟ್,
ಮೂರು ಪ್ರತಿಯ ನಮೂನೆ, ನಡುವೆ ಕಾರ್ಬನ್ ಹಾಳೆ ಕೊಟ್ಟು.

ಸಿಗ್ನಲ್ ಕ್ಯಾಬಿನ್ನಿಗೆ ಹನ್ನೆರಡು ಮೆಟ್ಟಿಲು.
ಮೇಲೆ ವಿಲ್ಫ್ರೆಡ್ ಪಿಂಚ್‌ಬೆಕ್.
ಸನ್ನೆಕೋಲನ್ನು ಬರಿಗೈಲಿ ಮುಟ್ಟದವ, ತುಕ್ಕು ಹಿಡಿದೀತೆಂದು;
ಸದಾ ಕೈಯಲ್ಲೊಂದು ಬಟ್ಟೆ ಚೂರು.
ಒಲೆಯ ಮೇಲೆ ಚಹಾ. ಗೋಡೆಗೆ ಚರ್ಚಿನ ಪ್ರತಿಜ್ಞಾಪತ್ರ:
ಹದಿನಾರರಿಂದ ಒಂದು ಹನಿ ಮುಟ್ಟಿಲ್ಲ.

ಕಲಂ ನಾಲ್ಕು, ವೇಳೆ. ರಾತ್ರಿ ಎರಡು ಹತ್ತು.
ದಾಖಲೆ ಪುಸ್ತಕದಲ್ಲೇ ಇದೆ, ಗ್ರಿಮ್ಸ್‌ಬಿಯ ಮೀನಿನ ಗಾಡಿಯ ಕೆಳಗೆ,
ಅದೇ ಶಾಯಿ, ಅದೇ ನೆಟ್ಟನೆಯ ಅಕ್ಷರ.
ಕಲಂ ಏಳು. ಕೈ ನೀಡಿ ಹಿಡಿದರೆ ಎಷ್ಟು ದೊಡ್ಡದು?
ಬಟಾಣಿ, ನಾಣ್ಯ, ತಟ್ಟೆ. ಒಂದಕ್ಕೆ ಗುರುತು ಹಾಕಿ.
ಅವನು ಕೈ ನೀಡಿದ, ಒಂದು ಕಣ್ಣು ಮುಚ್ಚಿದ,
ಹೆಬ್ಬೆರಳ ಉಗುರು ನೋಡಿ ಹೇಳಿದ: ಇದರರ್ಧ.
ಸದ್ದು? ಇಲ್ಲ. ತಂತಿಕಂಬದ ಗುಂಯ್ ಕೂಡ ನಿಂತಿತ್ತು.
ಅದಕ್ಕೆ ನಮೂನೆಯಲ್ಲಿ ಜಾಗವಿರಲಿಲ್ಲ.
ಅಂಚಿನಲ್ಲಿ ಬರೆದೆ.

ಕಲಂ ಹನ್ನೊಂದು. ಬಣ್ಣ?
ಪೆನ್ನು ಎತ್ತಿ ಕಾದೆ. ಒಲೆಯಲ್ಲಿ ಕಲ್ಲಿದ್ದಲು ಕುಸಿಯಿತು.
"ಸಾರ್, ಇಪ್ಪತ್ತೊಂಬತ್ತು ವರ್ಷ ನನಗೆ ಮೂರೇ ಬಣ್ಣ.
ನಿಲ್ಲು. ಹೋಗು. ನೋಡಿಕೊಂಡು ಹೋಗು.
ಇದು ಮೂರರಲ್ಲಿ ಯಾವುದೂ ಅಲ್ಲ."
ಹಾಗಾದರೆ?
ಬಾಯಿ ತೆರೆದ. ಮುಚ್ಚಿದ.
ಬಟ್ಟೆ ಮಡಿಸಿದ, ಮಡಿಸಿದ್ದನ್ನೇ ಮತ್ತೆ ಮಡಿಸಿದ.

"ಈ ಕಾಗದ ರೈಲ್ವೆಯವರಿಗೂ ಹೋಗುತ್ತಾ?"
ಹೌದು, ಒಂದು ಪ್ರತಿ. ಗುಲಾಬಿಯದು.

ವರ್ಷಕ್ಕೊಮ್ಮೆ ಡಾಂಕಾಸ್ಟರ್‌ನಲ್ಲಿ ಕಣ್ಣಿನ ಪರೀಕ್ಷೆಯಂತೆ.
ಮೇಜಿನ ಮೇಲೆ ಉಣ್ಣೆಯ ಎಳೆ ಹರಡಿ
ಬಣ್ಣ ಆರಿಸು ಎನ್ನುತ್ತಾರಂತೆ;
ಒಂದೆಳೆ ತಪ್ಪಿದರೆ ಗೂಡ್ಸ್ ಶೆಡ್ಡಿನಲ್ಲಿ ಪೊರಕೆ.
ಹೆಸರಿಲ್ಲದ ಬಣ್ಣ ಕಂಡವನ ಕೈಗೆ
ಯಾರು ಕೊಟ್ಟಾರು, ನಿದ್ದೆ ಹೋದ ನಾನೂರು ಜೀವ?

"ಬೆಳ್ಳಿ ಅಂತ ಬರ್ಕೊಳ್ಳಿ," ಅಂದ.
"ಶುಕ್ರ. ಬಿಳಿ. ಬರ್ಕೊಳ್ಳಿ ಸಾರ್."

ಪಂಚಾಂಗ ನನ್ನ ಚೀಲದಲ್ಲೇ ಇತ್ತು.
ಅವತ್ತು ಶುಕ್ರ ಮುಳುಗಿದಾಗ
ಸಂಜೆ ಏಳಕ್ಕೆ ಎಂಟು ನಿಮಿಷ ಬಾಕಿ.
ನನಗೆ ಗೊತ್ತಿತ್ತು. ಅವನಿಗೂ.
ಆ ಬಯಲಿನ ಕತ್ತಲನ್ನು ಅವನಷ್ಟು ಓದಿದವರಾರು?
ಶುಕ್ರ ಎಂದೇ ಬರೆದೆ. ಒತ್ತಿ ಬರೆದೆ,
ಮೂರನೇ ಪ್ರತಿಗೂ ಮೂಡುವ ಹಾಗೆ.
ಶುಕ್ರದೆಸೆ ಅನ್ನುತ್ತಾರಲ್ಲ,
ಮುಳುಗಿದ ಮೇಲೂ ಬರುತ್ತದೆ ಒಬ್ಬೊಬ್ಬರಿಗೆ.
ಅಂಚಿನ ಬರಹ ಮಾತ್ರ ಹೊಡೆದು ಹಾಕಲಿಲ್ಲ.
ಯಾರೂ ಕೇಳಲೂ ಇಲ್ಲ.

ಗಂಟೆ ಎರಡು ಸಲ ಬಡಿಯಿತು.
ಅವನೆದ್ದು ಬಟ್ಟೆ ಬಿಡಿಸಿ ಸನ್ನೆಕೋಲು ಹಿಡಿದ,
ಮೈಯೆಲ್ಲ ಭಾರ ಬಿಟ್ಟು ಎಳೆದ.
ದೂರ ಮಬ್ಬಿನಲ್ಲಿ ಕೆಂಪು ಹೋಗಿ ಇನ್ನೊಂದು ಬಂತು.
"ಹಸಿರು," ಅಂದ,
ನಾನು ಕೇಳದಿದ್ದರೂ.