ಹನ್ನೊಂದನೇ ನಂಬರಿನ ಬೆನ್ನು

ಸೆರ್ವಾಂದೊನ ಮುಖ ನನಗೆ ಸರಿಯಾಗಿ ಗೊತ್ತಾದದ್ದು
ಇಬ್ಬರಿಗೂ ನಲವತ್ತೆಂಟು ದಾಟಿದ ಮೇಲೆ.
ಅಲ್ಲಿಯ ತನಕ ನಾನು ಕಂಡದ್ದು ಬೆನ್ನು:
ಹೊಲಿಗೆ ಬಿಟ್ಟ ಎರಡು ಒಂದುಗಳು,
ಬೇಲಿ ಕಿತ್ತ ಮೇಲೆ ಉಳಿದ ಗೂಟಗಳ ಹಾಗೆ.

ಹದಿನಾಲ್ಕು ವರ್ಷ ನಾನು ಬಲಬದಿಯ ಕಾವಲಿಗ,
ಅವನು ಎದುರೂರಿನ ಎಡ ಅಂಚಿನವನು.
ಹಾಕಿದ ಗೆರೆ ದಾಟದ ಹುಡುಗ ಅಂತ
ವಿಧೇಯರಿಗೆ ಹೇಳುತ್ತಾರಲ್ಲ,
ಇವನದು ಸುಣ್ಣದ ಗೆರೆಯ ಮೇಲೆಯೇ ಸಂಸಾರ.
ಒಂದು ಬೂಟು ಸದಾ ಬೆಳ್ಳಗೆ.
ನಾಲ್ಕು ಬೆರಳು ಜಾಗ ಸಾಕು ಅವನಿಗೆ,
ನನಗೆ ಇಡೀ ಮೈದಾನ ಸಾಲದು.

ಅವನಮ್ಮ ಓಲ್ವಿದೊ, ಹೆಸರಿನ ಅರ್ಥವೇ ಮರೆವು,
ಮಗ ತಪ್ಪಿಸಿದ ಗೋಲು ಒಂದನ್ನೂ ಮರೆತವಳಲ್ಲ.
ಗಣಿಯ ಕ್ಯಾಂಟೀನಿನಲ್ಲಿ ಬಟ್ಟಲು ತೊಳೆಯುತ್ತ
ತಾರೀಖು ಸಮೇತ ಹೇಳುವಳು.
ಎಡಮಗ್ಗುಲಲ್ಲಿ ಎದ್ದರೆ ದಿನ ಕೆಟ್ಟಿತು ಅಂತಾರೆ.
ಇವನು ಎದ್ದದ್ದು, ಬಿದ್ದದ್ದು, ಗೆದ್ದದ್ದು ಎಲ್ಲ ಎಡದಲ್ಲೇ.
ಬಲಗಾಲು ಬಸ್ಸು ಹತ್ತಲಿಕ್ಕೆ ಮಾತ್ರ.

ಕಲ್ಲಿದ್ದಲು ತೊಳೆದ ನಲೋನ್ ನದಿ ಆಗ ಕಪ್ಪು.
ನೀರಿಗೆ ಬಿದ್ದ ಚೆಂಡು ಮಸಿಯಾಗಿ ಮರಳಿ
ನನ್ನ ಎದೆಗೆ ಬಡಿದು ಮುದ್ರೆ ಒತ್ತುತ್ತಿತ್ತು.
ಏನು ಮಾಡಬೇಕಿತ್ತು ನಾನು?
ಅಂಗಿ ಜಗ್ಗಿದೆ, ಮೊಣಕೈ ಹಾಕಿದೆ,
ಕಿವಿಯ ಹತ್ತಿರ ಅವನ ತಂಗಿಯ ಬಗ್ಗೆ ಹೊಲಸು ಆಡಿದೆ.
ಅವನಿಗೆ ತಂಗಿಯೇ ಇರಲಿಲ್ಲ.
ಬಲಭುಜ ಒಂದು ಬೆರಳಷ್ಟು ಇಳಿಸುತ್ತಿದ್ದ, ಅಷ್ಟೇ.
ನಾನು ಒಳಕ್ಕೆ ವಾಲುವಷ್ಟರಲ್ಲಿ ಅವನು ಹೊರಗೆ.
ಗೊತ್ತಿತ್ತು. ಪ್ರತಿ ಸಲವೂ ಗೊತ್ತಿತ್ತು.
ಗೊತ್ತಿದ್ದೂ ವಾಲಿದೆ.

ಆಮೇಲೆ ದಕ್ಷಿಣದವರು ಕೊಂಡರು ಅವನನ್ನು.
ಸೂಟ್‌ಕೇಸಿಗೆ ಹಗ್ಗ ಬಿಗಿದು ರೈಲು ಹತ್ತಿದ.
ಬಿಸಿಲಿನ ಊರಲ್ಲಿ ನಾಲ್ಕು ಋತು, ಹದಿಮೂರು ಗೋಲು,
ಚ್ಯೂಯಿಂಗ್ ಗಮ್ ಪೊಟ್ಟಣದಲ್ಲಿ ಒಂದು ಫೋಟೊ,
ಕೆಳಗೆ ಇನ್ನೊಬ್ಬನ ಹೆಸರು.
ದೇಶದ ತಂಡದಿಂದ ಒಂದೇ ಒಂದು ಕರೆ:
ಬೆಂಚಿನ ತುದಿಯಲ್ಲಿ ತೊಂಬತ್ತು ನಿಮಿಷ ಕೂತು
ಕಿತ್ತಳೆ ಸುಲಿದು ಪಕ್ಕದವನಿಗೆ ಕೊಟ್ಟು ಬಂದ.
ಆ ಭಾನುವಾರಗಳಲ್ಲಿ ನನ್ನೆದುರು ಯಾರ್ಯಾರೋ ಓಡಿದರು,
ಎಲ್ಲರನ್ನೂ ತಡೆದೆ.
ಪತ್ರಿಕೆ ಹೊಗಳಿತು. ರುಚಿಸಲಿಲ್ಲ.

ಮರಳಿ ಬಂದಾಗ ಮೂವತ್ತೆರಡು.
ಅವನ ಮಂಡಿ ಮುರಿದವನು ನಾನೇ ಅನ್ನುತ್ತದೆ ಊರು.
ಅದಕ್ಕೆ ಬೆನ್ನು ತಟ್ಟಿದವರಿದ್ದಾರೆ, ಉಗಿದವರೂ ಇದ್ದಾರೆ.
ನಾನು ಮುಟ್ಟಿರಲಿಲ್ಲ.
ಮೂಲೆಯ ಬಾವುಟ, ಒದ್ದೆ ಹುಲ್ಲು,
ಭುಜ ಇಳಿಸಿದ, ನಾನು ವಾಲಿದೆ,
ತಿರುಗಿ ನೋಡಿದರೆ
ಮಲಗಿದ್ದಾನೆ ಗೆರೆಯ ಉದ್ದಕ್ಕೆ, ಒಬ್ಬನೇ,
ಅಳತೆ ಮಾಡಿ ಹಾಸಿದ ಹಾಗೆ.
ಚೆಂಡು ಇನ್ನೂ ಉರುಳುತ್ತಿತ್ತು.
ಅಷ್ಟು ವರ್ಷದಲ್ಲಿ ಮೊದಲ ಸಲ
ಅವನ ಚೆಂಡು ನನ್ನ ಕಾಲಿಗೆ ಸಿಕ್ಕಿತು.
ಆಚೆ ಒದೆದೆ. ತುಂಬ ದೂರ ಒದೆದೆ.
ಕರುಣೆಯೋ, ಬರೀ ಅಭ್ಯಾಸವೋ,
ಇವತ್ತಿಗೂ ಹೇಳಲಾರೆ.

ಈಗ ಗಣಿ ಮುಚ್ಚಿದೆ, ನದಿಯಲ್ಲಿ ಮೀನಿದೆ,
ನನ್ನದೊಂದು ಸಣ್ಣ ಪಾನದಂಗಡಿ.
ಶಾಲೆಯ ಬಸ್ಸು ಓಡಿಸಿ ದಣಿದು ಗುರುವಾರ ಬರುತ್ತಾನೆ.
ಎಡತುದಿಯ ಮೇಜು, ಗೋಡೆಗೆ ಒತ್ತಿಕೊಂಡ ಕುರ್ಚಿ.
ತಲೆಯ ಮೇಲಿಂದ ಬಾಟಲಿ ಬಗ್ಗಿಸಿ
ಸೊಂಟದ ಕೆಳಗಿನ ಲೋಟಕ್ಕೆ ಸೇಬಿನ ಮದ್ಯ ಸುರಿಯುತ್ತೇನೆ,
ನಮ್ಮ ಕಡೆಯ ಪದ್ಧತಿ, ಅರ್ಧ ನೆಲಕ್ಕೆ.
ಮಂಡಿಯ ಮಾತು ಬರುವುದಿಲ್ಲ.
ಟೊಮೆಟೊ ಗಿಡದ ಮಾತು, ಹಲ್ಲಿನ ಡಾಕ್ಟರ ಮಾತು.

ಹೋದ ವಾರ ಯಾರದೋ ಮೊಮ್ಮಗ ಕೇಳಿಯೇಬಿಟ್ಟ:
ಇವರ ಕಾಲು ಮುರಿದದ್ದು ನೀವೇನಾ?
ನಾನು ಬಾಯಿ ತೆರೆಯುವಷ್ಟರಲ್ಲಿ ಸೆರ್ವಾಂದೊ,
ಲೋಟದಿಂದ ಕಣ್ಣೆತ್ತದೆ:
ಹೂಂ, ಇವನೇ. ಇನ್ಯಾರಿಗೆ
ನನ್ನ ಅಷ್ಟು ಹತ್ತಿರ ಬರಲಿಕ್ಕೆ ಆಗುತ್ತಿತ್ತು?

ಅಂಗಡಿ ಮುಚ್ಚುವ ಹೊತ್ತು. ತಟ್ಟೆ ಹೊತ್ತು ನಾನು ಬರುತ್ತಿದ್ದೆ,
ಅವನು ಕುಂಟುತ್ತ ಬಾಗಿಲಿಗೆ ಹೊರಟಿದ್ದ.
ಮೇಜುಗಳ ನಡುವೆ ಕಿರಿದು ದಾರಿ, ಎದುರುಬದುರು.
ಬಲಭುಜ ಒಂದು ಬೆರಳಷ್ಟು ಇಳಿಯಿತು.

ನಾಲ್ಕು ಲೋಟ ಒಡೆದವು.
ಅವನ ಲೆಕ್ಕಕ್ಕೆ ಬರೆದಿದ್ದೇನೆ.