ಹಿತ್ತಲದ ರಿಜಿಸ್ಟರ್

ರಾತ್ರಿ ಪಾಳಿ ಮುಗಿಸಿ ಬಂದಾಗ
ಇಂಡಿಯೊಳಗ ಇನ್ನೂ ಏಳೂವರಿ,
ಬಿಸಲು ಆಗಲೇ ಫರಸಿ ಕಾಯಿಸಲಿಕ್ಕೆ ಹತ್ತೇದ.
ರೋಹಿಣಿ ಕೂಡಿ ಮೂರು ದಿನ, ಒಂದು ಹನಿ ಇಲ್ಲ.
ಚಪ್ಪಲಿ ಕಳದು ಸೀದಾ ಹಿತ್ತಲಕ್ಕ ಹೋಗತೀನಿ,
ನಿದ್ದಿಗಿಂತ ಮೊದಲ ಒಂದು ರೌಂಡ್ ಆಗಲೇಬೇಕು.

ಹಿತ್ತಲಂದ್ರ ದೊಡ್ಡದೇನಲ್ಲ:
ಒಂದು ನಿಂಬಿಗಿಡ, ಬಟ್ಟಿ ಒಗಿಯೂ ಕಲ್ಲು,
ಬಚ್ಚಲ ನೀರು ಕುಡದು ಬೆಳದ ಗುಲಬಕ್ಷಿ,
ಗ್ವಾಡಿ ಬುಡಕ ಯಾರೂ ಹಚ್ಚದ ಎಕ್ಕಿ.
ಗ್ವಾಡಿ ಆಚೆ ಶೈನಾಜಳ ಹೊಲಿಗಿ ಮಷೀನು.

ಕಲ್ಲಿನ ಸಂದ್ಯಾಗ ಹಸಿ ಮಣ್ಣಿಗೆ
ಹಳದಿ ಚಿಟ್ಟಿ ಏಳೆಂಟು, ರೆಕ್ಕಿ ಮುಚ್ಚಿ ಉಪ್ಪು ಹೀರತಾವ,
ವಾಂತಿ ನಿಂತ ಕೂಸು
ಚಮಚೆ ಕಚ್ಚಿ ಹಿಡದಂಗ.

ನಿಂಬಿ ಎಲಿ ಮ್ಯಾಲೆ ಹಕ್ಕಿ ಹಿಕ್ಕಿ ಹಂಗ ಕುಂತ ಹುಳ;
ಮುಟ್ಟಿದರ ಸಾಕು, ತಲಿಯೊಳಗಿಂದ
ಕೆಂಪು ಕೋಡು ತಗದು ಹೆದರಸತದ.
ಮನಿ ಮಾಲಕ ಗುರಪಾದಪ್ಪ ಪಂಪು ಹೊತಗೊಂಡ ಬಂದ:
"ಸಿಸ್ಟರ್, ಊರ ಸುತ್ತ ನಿಂಬಿ ತ್ವಾಟ ಅವ.
ನಿಮ್ಮ ಹುಳಾ ಅಲ್ಲಿಗೆ ಹೋದರ ಜವಾಬು ಯಾರದು?"
ಈ ಗಿಡದ ಕಾಯಿ ಬಾಡಗಿಯೊಳಗ ಹಿಡಕೊಳ್ರಿ ಕಾಕಾ, ಅಂದೆ.
ನಕ್ಕ. ಪಂಪು ಮಾತ್ರ ಒಯ್ಯಲಿಲ್ಲ,
ಬಚ್ಚಲ ಬಾಗಿಲದಾಗ ಇಟ್ಟು ಹೋದ.

ಹಳೇ ಡ್ಯೂಟಿ ರಿಜಿಸ್ಟರದ ಖಾಲಿ ಹಾಳಿಗೆ ಬರದೀನಿ:
ಒಂದು. ಎಲಿ ಆರು ಹೋದವು.
ಮೂರು. ಹುಳ ಹಸರಾತು. ಹಿಕ್ಕಿ ವ್ಯಾಷ ಮುಗೀತು.
ಆರು. ಉಣ್ಣೂದು ಬಿಟ್ಟದ.
ಏಳು. ಒಂದ ಎಳಿ ದಾರದಾಗ ನಡಾ ಕಟಗೊಂಡು
ಟೊಂಗಿಗೆ ಓರಿ ನಿಂತದ,
ಕಂಬ ಏರಿದ ಲೈನ್‌ಮನ್ ಹಂಗ.

ರಜಾ ಇದ್ದ ದಿನ ಸಂಜೀನೂ ನೋಡತೀನಿ.
ಎಕ್ಕಿ ಮ್ಯಾಲಿನ ಕಡೀ ಚಿಟ್ಟಿ ಎದ್ದು ಹೋಗೂದಕ್ಕ,
ಕತ್ತಲದ ಹುಳ ಬರೂದಕ್ಕ ನಡುವ
ಐದು ನಿಮಿಷ ಯಾರೂ ಇರೂದಿಲ್ಲ.
ವಾರ್ಡಿನ್ಯಾಗೂ ಹಂಗ:
ಹಗಲಿನ ಸಿಸ್ಟರ್ ಬ್ಯಾಗ್ ಹಾಕ್ಕೊಂಡಾಳ,
ನಾ ಇನ್ನೂ ಪಿನ್ನು ಚುಚ್ಚಿಕೊಳ್ಳಿಕ್ಕೆ ಹತ್ತೀನಿ.
ಆ ಐದು ನಿಮಿಷ ಯಾರೂ ಸಾಯಬಾರದು.

ಆಮ್ಯಾಲೆ ಗುರ್ ಅಂತ ಬರತದ ದೊಡ್ಡ ಪತಂಗ.
ಕುಂಡ್ರೂದಿಲ್ಲ. ಗಾಳ್ಯಾಗ ನಿಂತಲ್ಲೇ ತೂಗಿ
ಗುಲಬಕ್ಷಿ ಗಂಟಲದಾಗ ನಾಲಿಗಿ ಇಳಸತದ,
ಮುದುಕಿಯರ ಕೈಯಾಗ ನರ ಹುಡುಕೂ
ನನ್ನ ಸೂಜಿಗಿಂತ ನಾಜೂಕ.

ಶೈನಾಜ ಗ್ವಾಡಿ ಮ್ಯಾಲಿಂದ ಬಿಳೀ ಅಸ್ತರ ಇಳಿ ಬಿಡತಾಳ,
ನಾ ಬಲ್ಬು ಹಚ್ಚತೀನಿ.
ಹೆಸರು ಇಬ್ಬರಿಗೂ ಗೊತ್ತಿಲ್ಲ. ಆಕಿನೇ ಇಡತಾಳ:
ಇದು ಇಳಕಲ್ಲ ಅಂಚು,
ಇದು ಬಣ್ಣ ಹೋದ ಮಖಮಲ್ಲು,
ಇದು, ಮೂರು ಸಲ ಬಿಚ್ಚಿ ಹೊಲದರೂ
ವಾಪಸ್ ಬಂದ ಬ್ಲೌಸು.

ಹದಿನೇಳು. ಕೋಶ ಕಂದಾತು. ರೆಕ್ಕಿ ಬಣ್ಣ ಕಾಣವಲ್ದು.
ಹದಿನೆಂಟು. ಸೂಜಿ ಮೊನಿಯಷ್ಟು ತೂತು.
ಚಿಟ್ಟಿ ಬರಲಿಲ್ಲ.
ಸಾಸಿವಿಗಿಂತ ಸಣ್ಣ ಕಣಜ, ಹಸರ ಹೊಳಪು,
ಮೀಸಿ ಒರಸಿಕೋತ ಒಂದರ ಹಿಂದ ಒಂದು.
ನಲವತ್ತಮೂರರ ತನಕ ಎಣಿಸಿದೆ, ಆಮ್ಯಾಲೆ ಬಿಟ್ಟೆ.

ರಿಜಿಸ್ಟರದಾಗ ಜನನದ ಕಾಲಮ್ಮು ಎಡಕ್ಕ,
ಮರಣದ್ದು ಬಲಕ್ಕ.
ಪೆನ್ನಿನ ಮೊನಿ ನಡುವಿನ ಗೆರಿ ಮ್ಯಾಲೇ ನಿಂತು
ಶಾಯಿ ಚುಕ್ಕಿ ದೊಡ್ಡದಾಗಲಿಕ್ಕೆ ಹತ್ತಿತು.
"ಅಕ್ಕಾ, ಬಿಚ್ಚಿತೇನು?" ಅಂದಳು ಶೈನಾಜ ಇಣುಕಿ.
ಬಿಚ್ಚಿತು, ಅಂದೆ.
ಆಕಿ ಖುಷಿಯಾಗಿ ಮಷೀನು ತುಳಿದಳು.

ಇವತ್ತ ಮುಂಜಾನೆ ಪಂಪಿನ ನಳಿಗೆ ಜ್ಯಾಡ ಬಲಿ ಕಟ್ಟೇದ.
ನಿಂಬಿ ಚಿಗರಿನ ತುದಿಗೆ ಹಳದಿ ತತ್ತಿ, ಒಂದೇ.
ಇದರೊಳಗ ಯಾರು ಇದ್ದಾರಂತ
ಬರಿಯಲಿಕ್ಕೆ ಹೋಗಿಲ್ಲ.
ಕೈ ತೊಳಕೊಂಡು ಮಲಗಬೇಕು,
ಎಂಟಕ್ಕ ಮತ್ತ ಪಾಳಿ.